ಪದಚರ್ಚೆ: ನೀರಿನಲ್ಲಿ ಕಾಣುವುದು ಪ್ರತಿಬಿಂಬವೋ, ಪ್ರತಿಫಲನವೋ? (ತುರ್ತು)

ಕೆರೆದಂಡೆ ಬರೆದದ್ದು:
ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ಭಾನುವಾರ ಫೋಟೊ ಶಿಬಿರ. ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ, ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ಮೂಲದಲ್ಲಿ ‘ರಿಫ್ಲೆಕ್ಷನ್’ ಒಂದೇ ಪದ ಎರಡು ಕಡೆ ದುಡಿಯುತ್ತಿದೆ.

ಒಂದು: ‘ಭೂತನಾಥ ಗುಡಿಯ ರಿಫ್ಲೆಕ್ಷನ್ ಗುಡಿಗಿಂತ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ) ಮಬ್ಬಾಗಿರುತ್ತದೆ. ಎಡಿಟ್ ಮಾಡುವಾಗ ಅದನ್ನು ಗುಡಿಗಿಂತ ಬೆಳ್ಳಗೆ ಮಾಡಬೇಡಿ.’ ಇನ್ನೊಂದು: ‘ಸಿಪಿಎಲ್ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಗಾಜು) ತಿರುಗಿಸಿದರೆ ನೀರಿನ ಮೇಲಿನ ರಿಫ್ಲೆಕ್ಷನ್ ಹೋಗಿ ತಳದ ಕಲ್ಲು ಕಾಣುತ್ತದೆ.’

ಮೊದಲನೆಯದಕ್ಕೆ ಪ್ರತಿಬಿಂಬ, ಎರಡನೆಯದಕ್ಕೆ ಪ್ರತಿಫಲನ ಅಂತ ಹಾಕಿದ್ದೆ. ಕರಡು ಓದಿದವರೊಬ್ಬರು ‘ಫಿಲ್ಟರ್ ಹಾಕಿದರೆ ಪ್ರತಿಫಲ ಹೋಗುವುದಾದರೆ ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು?’ ಅಂದರು. ಬೇರೆ ಪದ ಇದೆಯೇ?

ನುಡಿಗುಡಿ:
ಎರಡೂ ಬೇಡ. ‘ನೆರಳು’ ಇದೆಯಲ್ಲ. ಬಾವಿಗೆ ಹಾರಿದ ಸಿಂಹ ಕಂಡದ್ದು ತನ್ನ ನೆರಳನ್ನು. ಎಲುಬು ಕಚ್ಚಿಕೊಂಡ ನಾಯಿ ಬೊಗಳಿದ್ದೂ ನೆರಳಿಗೇ. ಕತೆ ಹೇಳಿದ ಅಜ್ಜಿಯರು ಯಾರೂ ಪ್ರತಿಬಿಂಬ ಅನ್ನಲಿಲ್ಲ. ಹಳಗನ್ನಡದ ನೆೞಲ್, ತಮಿಳಿನ ನಿೞಲ್ ಒಂದೇ ಬೇರಿನವು, ತಮಿಳಿನಲ್ಲಿ ಅದಕ್ಕೆ ಬಿಸಿಲಿನ ನೆರಳು, ನೀರಿನ ನೆರಳು ಎಂಬ ಎರಡು ಹುರುಳೂ ಇವೆ. ‘ನೀರ್ನೆರಳು’ ಅಂತ ಹಾಕಿ. ಇಂಗ್ಲಿಶಿನ ಒಂದು ಪದಕ್ಕೆ ಸಂಸ್ಕ್ರುತದ ಎರಡು ತಂದು ಕೂರಿಸುವುದು ಯಾವ ಸೀಮೆಯ ಕನ್ನಡ?

ಮಾಸ್ತರ, ಧಾರವಾಡ:
ನೆರಳು ಅಂದ್ರ ಬೆಳಕು ಬೀಳದ ಜಾಗಾ. ಪ್ರತಿಬಿಂಬ ಅಂದ್ರ ಬೆಳಕು ಬಡದು ತಿರುಗಿ ಬಂದು ಕಣ್ಣಿಗೆ ಮುಟ್ಟಿದ್ದು. ಕತಿಯೊಳಗ ನಡೀತದ, ಫೋಟೊದಾಗ ನಡಿಯೂದಿಲ್ಲ. ಆ ಹೊಂಡದಾಗ ಗುಡ್ಡದ ನೆರಳೂ ಬೀಳತದ, ಗುಡಿ ಪ್ರತಿಬಿಂಬಾನೂ ಮೂಡತದ. ಗುಡಿ ಮ್ಯಾಲೆ ಬಿಸಲಿದ್ದು ನೀರು ನೆರಳಿನ್ಯಾಗ ಇದ್ರನ ಪ್ರತಿಬಿಂಬ ಚೊಲೊ ಬರತದ. ಇದನ್ನ ಶಿಬಿರದಾಗ ‘ನೆರಳಿನ್ಯಾಗ ನೆರಳು ಚೊಲೊ ಕಾಣತದ’ ಅಂತ ಹೇಳೂದೇನು?

ಇನ್ನ ಕೇಳಿದವರಿಗೆ. ನಿಮ್ಮ ತೊಡಕು ಪದದ್ದಲ್ಲ. ಪ್ರತಿಫಲನ ಅನ್ನೂದು ಕ್ರಿಯಾ, ಪ್ರತಿಬಿಂಬ ಅದರಿಂದ ಕಾಣೂದು. ಆಕಾಶದ ಹೊಳಪು ಯಾವುದು, ಗುಡಿ ಯಾವುದು ಅಂತ ಸಿಪಿಎಲ್‌ಗೆ ಗೊತ್ತಾಗೂದಿಲ್ಲ. ಒಂದನ್ನ ಕಳೀಲಿಕ್ಕೆ ಹೋದ್ರ ಇನ್ನೊಂದೂ ಹೋಗತದ. ನೀರಿನ ವಕ್ರೀಭವನ ಸೂಚ್ಯಂಕ (ನೀರಿನಾಗ ಬೆಳಕು ಎಷ್ಟು ಬಾಗತದ ಅನ್ನೂ ಅಳತಿ) 1.33. ಹಿಂಗಾಗಿ ಲಂಬದಿಂದ ಸುಮಾರು 53 ಡಿಗ್ರಿ, ಅಂದ್ರ ನೀರಿನ ಮಟ್ಟದಿಂದ 37 ಡಿಗ್ರಿ ಕೋನದಾಗ ನೋಡಿದಾಗ ಫಿಲ್ಟರಿನ ಜೋರು ಭಾಳ. ಕ್ಯಾಮೆರಾ ನೀರಿಗೆ ಹತ್ತಿಸಿ ತಗ್ಗಿಸಿ ಆಚಿ ದಂಡಿ ಗುಡಿ ಹಿಡಿದ್ರ ಅಷ್ಟು ಹೋಗೂದಿಲ್ಲ. ಮದಲ ಇದನ್ನ ಬರೀರಿ, ಆಮ್ಯಾಲೆ ಪದ ಹುಡುಕ್ರಿ.

ನುಡಿಗುಡಿ:
ಪದ ಕೇಳಿದ್ದಾರೆ, ಪಾಟ ಕೇಳಿಲ್ಲ.

ಓಲೆಗರಿ:
‘ಬಿಂಬ’ವನ್ನು ಸಂಸ್ಕೃತವೆಂದು ಅಟ್ಟುವ ಮೊದಲು ಇಷ್ಟು ಗಮನಿಸಿ: ಸಂಸ್ಕೃತಕ್ಕೇ ಅದು ಎಲ್ಲಿಂದ ಬಂತೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ತೊಂಡೆಹಣ್ಣಿಗೂ ಬಿಂಬವೆಂದೇ ಹೆಸರು, ಕಾವ್ಯದ ಬಿಂಬಾಧರೆಯ ತುಟಿಗೆ ಬಣ್ಣ ಬಂದದ್ದು ಅಲ್ಲಿಂದ. ಸೂರ್ಯಬಿಂಬ, ಚಂದ್ರಬಿಂಬ ಎಂದಾಗ ಅದು ದುಂಡುಮಂಡಲ. ಬಸದಿಗಳಲ್ಲಿ ಬಿಂಬ ಎಂದರೆ ಮೂರ್ತಿ. ಕಾರ್ಕಳದ ಕಡೆಯ ವರಂಗದಲ್ಲಿ ದೋಣಿ ಹತ್ತಿ ಕೆರೆಬಸದಿಗೆ ಹೋಗುವುದು ಒಳಗಿನ ಜಿನಬಿಂಬವನ್ನು ನೋಡಲು. ಸುತ್ತ ನೀರಿನಲ್ಲಿ ಕಾಣುವುದು ಬಸದಿಯ ಪ್ರತಿಬಿಂಬ. ‘ಪ್ರತಿ’ಯನ್ನು ಹಾರಿಸಿ ‘ಕೆರೆಯಲ್ಲಿ ಬೆಟ್ಟದ ಬಿಂಬ’ ಎಂದು ಶೀರ್ಷಿಕೆ ಕೊಡುವ ಪತ್ರಿಕೆಯವರು ಬೆಟ್ಟವನ್ನೇ ಎತ್ತಿ ಕೆರೆಗೆ ಹಾಕಿದಂತಾಯಿತು.

ನುಡಿಗುಡಿ:
ನಾಳೆ ತೊಂಡೆಕಾಯಿ ಪಲ್ಯಕ್ಕೆ ಬಿಂಬಪಲ್ಯ ಅನ್ನಿ.

ಬೆಳಕಿಂಡಿ:
ಸ್ಟಾಪು, ಫಿಲ್ಟರು, ಸಿಪಿಎಲ್ಲು, ಎಡಿಟ್ಟು ಬಂದಾಗ ಯಾರಿಗೂ ಏನೂ ಆಗಲಿಲ್ಲ. ಸಂಸ್ಕೃತ ಕಂಡ ಕೂಡಲೇ ಮೈಮೇಲೆ ಬರುತ್ತದೆ. ನುಡಿಗುಡಿಯವರ ‘ಸಿಂಹ’ ಯಾವ ಸೀಮೆಯ ಕನ್ನಡವೋ! ನಮ್ಮ ಸ್ಟುಡಿಯೊದಲ್ಲಿ ಎಲ್ಲರೂ ರಿಫ್ಲೆಕ್ಷನ್ ಅಂತಲೇ ಹೇಳೋದು, ಹಾಗೇ ಬಿಡಿ.

ಪದಕ್ಕಿಂತ ಮುಖ್ಯವಾದದ್ದು ಒಂದು ಬಿಟ್ಟುಹೋಗಿದೆ. ಫೋಟೊದ ಮೇಲಿನ ಅರ್ಧವನ್ನು ಕಾಪಿ ಮಾಡಿ ರಿಫ್ಲೆಕ್ಷನ್ ಅಂತ ತಲೆಕೆಳಗು ಅಂಟಿಸುವ ಚಾಳಿ ಹೆಚ್ಚಾಗಿದೆ. ಅದು ಸಿಕ್ಕಿಬೀಳುತ್ತದೆ. ಕ್ಯಾಮೆರಾ ನೀರಿಗಿಂತ ಎಷ್ಟು ಮೇಲಿದೆಯೋ ಅಷ್ಟೇ ಕೆಳಗಿನಿಂದ ನೋಡಿದ ನೋಟ ನೀರಿನಲ್ಲಿ ಕಾಣುವುದು. ದಂಡೆಯ ಮೆಟ್ಟಿಲು ನಮಗೆ ಮೇಲಿನಿಂದ ಕಂಡರೆ ನೀರಿನಲ್ಲಿ ಅದರ ಎದುರುಮುಖ ಮಾತ್ರ. ಕೈಪಿಡಿಯಲ್ಲಿ ‘ನಕಲು’ ಅನ್ನುವ ಪದ ಎಲ್ಲೂ ಬರದ ಹಾಗೆ ನೋಡಿಕೊಳ್ಳಿ.

ನುಡಿಗುಡಿ:
ಸಿಮ್ಮ. ತಿದ್ದಿಕೊಂಡೆ. ಸ್ಟುಡಿಯೊದವರು ಆಡಿದ್ದೇ ಕನ್ನಡವಾದರೆ ಈ ಪಟ್ಟಿಯನ್ನು ಮುಚ್ಚಬಹುದು.

ಮಾಸ್ತರ, ಧಾರವಾಡ:
ಮುಚ್ಚೂದರ ಮದಲ ಒಂದು ಹೇಳ್ರಿ. ‘ಹೊಳಪು’ ನಿಮಗ ನಡೀತದೇನು?

ಕೆರೆದಂಡೆ:
ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. ಹೀಗೆ ಕಳಿಸಿದ್ದೇನೆ: ‘ವ್ಯೂಫೈಂಡರಿನಲ್ಲಿ ನೋಡುತ್ತ ಸಿಪಿಎಲ್ ಅನ್ನು ನಿಧಾನ ತಿರುಗಿಸಿ. ನೀರಿನ ಹೊಳಪನ್ನು ಪೂರ್ತಿ ಕಳೆಯಲು ಹೋದರೆ ಗುಡಿಯ ಪ್ರತಿಬಿಂಬವೂ ಮಾಸುತ್ತದೆ.’ ಪ್ರತಿಫಲನವನ್ನು ಕೈಬಿಟ್ಟೆ. ಮೆಟ್ಟಿಲಿನ ಮಾತು ಸೇರಿಸಿದ್ದೇನೆ, ಬೆಳಕಿಂಡಿಯವರಿಗೆ ವಂದನೆ.

ಓಲೆಗರಿ:
‘ಮಾಸುತ್ತದೆ’ ಬಟ್ಟೆಗೆ.

ನುಡಿಗುಡಿ:
ಹೊಳಪು ಒಪ್ಪಿದೆ. ಪ್ರತಿಬಿಂಬ ಒಪ್ಪಿಲ್ಲ. ಬಟ್ಟೆಗೂ ಮಾಸುತ್ತದೆ, ಬಣ್ಣಕ್ಕೂ ಮಾಸುತ್ತದೆ, ನೆನಪಿಗೂ ಮಾಸುತ್ತದೆ. ಓಲೆಗರಿಯವರು ಬೇರೆ ಎಳೆ ಶುರು ಮಾಡಲಿ.