ಮೂತಿ ಎತ್ತಿ ಏರುವಾಗ ಮಾತ್ರ ಎಂಜಿನ್ ತಡವರಿಸುತ್ತದೆ: ಕಾರಣ ಮಂಜುಗಡ್ಡೆಯೇ, ಇಂಧನದ ಕೊರತೆಯೇ?

ಪ್ರಶ್ನೆ

ನಮಸ್ಕಾರ. ಪೀಟನ್‌ಪೋಲ್ ಏರ್ ಕ್ಯಾಂಪರ್ ನಕ್ಷೆಯನ್ನು ಅನುಸರಿಸಿ, ಮರದ ಚೌಕಟ್ಟು ಮತ್ತು ಬಟ್ಟೆಯ ಹೊದಿಕೆಯುಳ್ಳ ಎರಡು ಆಸನಗಳ ಪ್ಯಾರಾಸಾಲ್ (ರೆಕ್ಕೆ ಒಡಲಿಗಿಂತ ಮೇಲೆ ಕಂಬಗಳ ಮೇಲೆ ನಿಂತಿರುವ) ವಿಮಾನವನ್ನು ಕಟ್ಟಿ ಹಾರಿಸುತ್ತಿದ್ದೇನೆ. ಎಂಜಿನ್ ಕಾಂಟಿನೆಂಟಲ್ ಎ-65, ಕಾರ್ಬ್ಯುರೇಟರ್ (ಗಾಳಿಗೆ ಇಂಧನ ಬೆರೆಸುವ ಭಾಗ) ಸ್ಟ್ರೋಂಬರ್ಗ್. ಟ್ಯಾಂಕ್ ಎಂಜಿನ್ನಿನ ಹಿಂದಿರುವ ಬೆಂಕಿತಡೆ ಗೋಡೆಯಾದ ಫೈರ್‌ವಾಲ್‌ಗೂ ಮುಂದಿನ ಆಸನಕ್ಕೂ ನಡುವೆ ಇದೆ. ಪಂಪ್ ಇಲ್ಲ, ಇಂಧನ ತನ್ನ ಭಾರದಿಂದಲೇ ಇಳಿದುಬರಬೇಕು.

ಟ್ಯಾಂಕ್ ತುಂಬಿರುವಾಗ ಯಾವ ತೊಂದರೆಯೂ ಇಲ್ಲ. ಕಾಲುಭಾಗದಷ್ಟು ಮಾತ್ರ ಉಳಿದಿರುವಾಗ ಪೂರ್ಣ ಥ್ರಾಟಲ್‌ನಲ್ಲಿ ಏರಲು ಹೊರಟರೆ, ಸುಮಾರು ಒಂದು ನಿಮಿಷದ ನಂತರ ಎಂಜಿನ್ ತಡವರಿಸಲು ಆರಂಭಿಸುತ್ತದೆ. ಮೂತಿಯನ್ನು ತಗ್ಗಿಸಿದರೆ, ಇಲ್ಲವೇ ಥ್ರಾಟಲ್ ಅನ್ನು ತುಸು ಹಿಂದಕ್ಕೆ ಎಳೆದರೆ, ಕೆಲವೇ ಕ್ಷಣಗಳಲ್ಲಿ ಸರಿಹೋಗುತ್ತದೆ. ಕಾರ್ಬ್ಯುರೇಟರಿಗೆ ಬಿಸಿಗಾಳಿ ಕೊಟ್ಟು ನೋಡಿದಾಗಲೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನೆಲದ ಮೇಲೆ ಪೂರ್ಣ ಶಕ್ತಿಯಲ್ಲಿ ಓಡಿಸಿದಾಗ ಕಿಡಿ ಹೊತ್ತಿಸುವ ಎರಡೂ ಮ್ಯಾಗ್ನೆಟೊಗಳು ಸರಿಯಾಗಿವೆ.

ಇಂಧನದ ಹರಿವನ್ನು ಅಳೆದಿದ್ದೇನೆ. ಬಾಲವನ್ನು ಎತ್ತಿ ವಿಮಾನವನ್ನು ಸಮತಲದಲ್ಲಿಟ್ಟು, ಟ್ಯಾಂಕ್ ತುಂಬಿಸಿ, ಕಾರ್ಬ್ಯುರೇಟರಿನ ಬಳಿ ಪೈಪ್ ಬಿಚ್ಚಿದಾಗ ನಿಮಿಷಕ್ಕೆ 800 ಮಿ.ಲೀ. ಬಂದಿತು. ಇದು ಧಾರಾಳವಾಯಿತು ಎಂದುಕೊಂಡಿದ್ದೇನೆ. ಅದೇ ಭಂಗಿಯಲ್ಲಿ ಟ್ಯಾಂಕಿನ ತಳ ಕಾರ್ಬ್ಯುರೇಟರಿನ ಒಳದಾರಿಗಿಂತ 20 ಸೆಂ.ಮೀ. ಮೇಲಿದೆ. ಟ್ಯಾಂಕಿನ ಆಳ 24 ಸೆಂ.ಮೀ., ಉದ್ದ 35 ಸೆಂ.ಮೀ. ಹೊರದಾರಿ ಟ್ಯಾಂಕಿನ ಹಿಂಬದಿಯ ತಳದಲ್ಲಿದ್ದು, ಅಲ್ಲಿಂದ ಕಾರ್ಬ್ಯುರೇಟರ್ 70 ಸೆಂ.ಮೀ. ಮುಂದಕ್ಕಿದೆ. ಎಲ್ಲಿ ಹುಡುಕಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಮೊದಲು ಒಂದು ಕೋರಿಕೆ: ಕಾರಣ ಸಿಗುವವರೆಗೆ ಈ ವಿಮಾನವನ್ನು ಹಾರಿಸಬೇಡಿ. ನೆಲ ಬಿಟ್ಟ ಒಂದು ನಿಮಿಷಕ್ಕೆ ಎಂಜಿನ್ ಪೂರ್ತಿ ನಿಂತರೆ ಇಳಿಯಲು ಜಾಗವಾಗಲಿ, ತಿರುಗಲು ಎತ್ತರವಾಗಲಿ ನಿಮ್ಮ ಬಳಿ ಇರುವುದಿಲ್ಲ.

ನೀವು ಕೊಟ್ಟ ಲಕ್ಷಣಗಳು ಮಂಜುಗಡ್ಡೆಯತ್ತ ಬೆರಳು ತೋರಿಸುತ್ತಿಲ್ಲ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಉಷ್ಣಾಂಶ 20 ಡಿಗ್ರಿಗೂ ಹೆಚ್ಚು ಇಳಿಯಬಹುದು, ಆದ್ದರಿಂದ ತೇವವಿರುವ ಗಾಳಿಯಲ್ಲಿ, ಬೆಚ್ಚಗಿನ ದಿನದಲ್ಲೂ ಮಂಜುಗಡ್ಡೆ ಕಟ್ಟುವುದು ನಿಜ. ಆದರೆ ಅದು ಹೆಚ್ಚಾಗಿ ಕಾಡುವುದು ಥ್ರಾಟಲ್ ಅರೆ ಮುಚ್ಚಿರುವಾಗ. ಟ್ಯಾಂಕಿನಲ್ಲಿ ಎಷ್ಟು ಇಂಧನವಿದೆ ಎಂಬುದನ್ನು ನೋಡಿಕೊಂಡು ಅದು ಬರುವುದಿಲ್ಲ. ಮ್ಯಾಗ್ನೆಟೊ ದೋಷಕ್ಕೂ ಮೂತಿಯ ಕೋನಕ್ಕೂ ಸಂಬಂಧವಿಲ್ಲ. ಮೂತಿ ತಗ್ಗಿಸಿದರೂ ಸರಿ, ಥ್ರಾಟಲ್ ಎಳೆದರೂ ಸರಿ, ಎಂಜಿನ್ ಚೇತರಿಸಿಕೊಳ್ಳುತ್ತದೆ ಎಂದರೆ ಅದಕ್ಕೆ ಬೇಕಾದಷ್ಟು ಇಂಧನ ತಲುಪುತ್ತಿಲ್ಲ ಎಂದೇ ಅರ್ಥ.

ನಿಮ್ಮ ಅಳತೆ ಸರಿಯಾಗಿಯೇ ಇದೆ, ಆದರೆ ಅದು ವಿಮಾನಕ್ಕೆ ಅತ್ಯಂತ ಅನುಕೂಲವಾದ ಸ್ಥಿತಿಯ ಅಳತೆ. ಟ್ಯಾಂಕ್ ತುಂಬಿ, ವಿಮಾನ ಸಮತಲದಲ್ಲಿದ್ದಾಗ ಇಂಧನದ ಮಟ್ಟ ಕಾರ್ಬ್ಯುರೇಟರಿಗಿಂತ 44 ಸೆಂ.ಮೀ. ಮೇಲಿರುತ್ತದೆ. ಕಾಲುಭಾಗ ಉಳಿದಾಗ ಅದು 26 ಸೆಂ.ಮೀ.ಗೆ ಇಳಿಯುತ್ತದೆ. ಇನ್ನು ಮೂತಿಯನ್ನು 12 ಡಿಗ್ರಿ ಎತ್ತಿ ನೋಡಿ: ಕಾರ್ಬ್ಯುರೇಟರ್ ಟ್ಯಾಂಕಿನ ನಡುಭಾಗಕ್ಕಿಂತ ಐವತ್ತು ಸೆಂ.ಮೀ.ಗೂ ಹೆಚ್ಚು ಮುಂದಿರುವುದರಿಂದ ಅದು ಟ್ಯಾಂಕಿಗೆ ಹೋಲಿಸಿದರೆ ಸುಮಾರು 11 ಸೆಂ.ಮೀ. ಮೇಲೇರುತ್ತದೆ, ಉಳಿಯುವ ಅಂತರ ಹದಿನಾಲ್ಕು ಹದಿನೈದು ಸೆಂ.ಮೀ. ಮಾತ್ರ. ಬಾಗುಗಳೂ ಕವಾಟಗಳೂ ಇರುವ ಇಂಥ ಪೈಪಿನಲ್ಲಿ ಹರಿವು ಹೆಚ್ಚುಕಡಿಮೆ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆ ಲೆಕ್ಕದಲ್ಲಿ ನಿಮ್ಮ 800 ಮಿ.ಲೀ. ಇಲ್ಲಿ 460ರ ಆಸುಪಾಸಿಗೆ ಬರುತ್ತದೆ.

ಇದರ ಮೇಲೆ, ಇಂಧನ ಇಳಿದಂತೆ ಟ್ಯಾಂಕಿನೊಳಗೆ ಗಾಳಿ ಬಿಡುವ ಗಾಳಿಕಿಂಡಿಯ ಪ್ರಶ್ನೆಯಿದೆ, ಹಲವರು ಇದನ್ನು ಕಡೆಗಣಿಸುತ್ತಾರೆ. ಗಂಟೆಗೆ 95 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 6 ಸೆಂ.ಮೀ. ಪೆಟ್ರೋಲಿನ ಎತ್ತರಕ್ಕೆ ಸಮ. ಕಿಂಡಿ ಮುಂದಕ್ಕೆ ಬಾಯಿ ತೆರೆದಿದ್ದರೆ ಈ ಒತ್ತಡ ಇಂಧನವನ್ನು ಕೆಳಕ್ಕೆ ತಳ್ಳುತ್ತದೆ. ಕಿಂಡಿ ಮುಚ್ಚಳದ ನೆತ್ತಿಯಲ್ಲಿನ ಒಂದು ರಂಧ್ರವಷ್ಟೇ ಆಗಿದ್ದು, ಆ ಮುಚ್ಚಳ ಉಬ್ಬಿದ ಮೂತಿಯ ಮೇಲೆ ಗಾಳಿ ವೇಗವಾಗಿ ಜಾರುವ ಜಾಗದಲ್ಲಿದ್ದರೆ, ಸರಿಸುಮಾರು ಅಷ್ಟೇ ಬಲದ ಸೆಳೆತ ಇಂಧನವನ್ನು ಹಿಂದಕ್ಕೆ ಹಿಡಿದಿಡಬಹುದು. ಆಗ ಹದಿನೈದರಲ್ಲಿ ಒಂಬತ್ತೇ ಉಳಿಯಿತು. ಹರಿವು ನಿಮಿಷಕ್ಕೆ 360 ಮಿ.ಲೀ., ಅಂದರೆ ಗಂಟೆಗೆ 22 ಲೀಟರಿಗಿಂತ ಕಡಿಮೆ. ನಿಮ್ಮ ಎಂಜಿನ್ ಪೂರ್ಣ ಶಕ್ತಿಯಲ್ಲಿ ಗಂಟೆಗೆ 20 ರಿಂದ 21 ಲೀಟರ್ ಕುಡಿಯುತ್ತದೆ. ಕಾರ್ಬ್ಯುರೇಟರಿನೊಳಕ್ಕೆ ಇಂಧನ ಬಿಡುವ ಸೂಜಿ ಕವಾಟದ ತಡೆಯನ್ನು ಈ ಅಳತೆಯಲ್ಲಿ ಸೇರಿಸಿಯೇ ಇಲ್ಲ. ಕೊರತೆ ಸಣ್ಣದಾಗಿರುವುದರಿಂದ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಇಂಧನ ನಿಧಾನವಾಗಿ ತಗ್ಗುತ್ತಾ ಹೋಗುತ್ತದೆ. ತಡವರಿಕೆ ಒಂದು ನಿಮಿಷದ ನಂತರ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣವಿರಬೇಕು.

ಹಳೆಯ ವಿನ್ಯಾಸಗಳನ್ನು ಪ್ರೀತಿಸುವ ನಾವೆಲ್ಲರೂ ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬರ್ನಾರ್ಡ್ ಪೀಟನ್‌ಪೋಲ್ ಅಮೆರಿಕದ ಮಿನ್ನೆಸೋಟದ ಚೆರಿ ಗ್ರೋವ್‌ನಲ್ಲಿ ಈ ವಿಮಾನವನ್ನು 1929ರಲ್ಲಿ ಹಾರಿಸಿದ್ದು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್‌ನಿಂದ. ಅದು ಭಾರವಾದ, ನೀರಿನಿಂದ ತಣಿಯುವ ಎಂಜಿನ್. ಎ-65 ಅದಕ್ಕಿಂತ ಹಗುರ, ಆದ್ದರಿಂದ ತೂಕದ ಸಮತೋಲನ ಹಿಂದಕ್ಕೆ ಸರಿಯದಂತೆ ಕಟ್ಟುವವರು ಎಂಜಿನ್ ಮೌಂಟನ್ನು (ಎಂಜಿನ್ ಹಿಡಿದಿರುವ ಚೌಕಟ್ಟನ್ನು) ಉದ್ದ ಮಾಡುತ್ತಾರೆ. ಸಮತೋಲನಕ್ಕೆ ಅದು ಸರಿಯಾದ ಪರಿಹಾರವೇ. ಆದರೆ ಮೌಂಟ್ ಉದ್ದವಾದಷ್ಟೂ ಕಾರ್ಬ್ಯುರೇಟರ್ ಟ್ಯಾಂಕಿನಿಂದ ದೂರ ಹೋಗುತ್ತದೆ, ಮೂತಿ ಎತ್ತಿದಾಗ ಇಂಧನದ ಇಳಿಜಾರು ಅಷ್ಟಷ್ಟೇ ಕರಗುತ್ತದೆ. ಹಳೆಯ ನಕ್ಷೆಯಲ್ಲಿ ಎಂಜಿನ್ ಒಂದನ್ನೇ ಬದಲಿಸಿದೆವು ಎಂದುಕೊಂಡಾಗ ಇಂಧನ ವ್ಯವಸ್ಥೆಯ ರೇಖಾಗಣಿತವೂ ಬದಲಾಗಿರುತ್ತದೆ. ನಿಮ್ಮ ಮೌಂಟ್ ಉದ್ದ ಮಾಡಿದ್ದೇ?

ಪ್ರಶ್ನೆ ಕೇಳಿದವರು

ಹೌದು, ಸಮತೋಲನಕ್ಕಾಗಿ ಮೌಂಟನ್ನು ಉದ್ದ ಮಾಡಿದ್ದೇನೆ. ಗಾಳಿಕಿಂಡಿ ನೀವು ಊಹಿಸಿದಂತೆಯೇ ಮುಚ್ಚಳದ ಮಧ್ಯದ ಒಂದು ರಂಧ್ರ. ಮುಚ್ಚಳ ಮುಂದಿನ ಗಾಜಿಗಿಂತ ಸ್ವಲ್ಪ ಮುಂದೆ, ಮೂತಿಯ ಉಬ್ಬಿನ ಮೇಲಿದೆ. ಪರೀಕ್ಷೆಯನ್ನು ಯಾವ ಕೋನದಲ್ಲಿ, ಎಷ್ಟು ಇಂಧನದೊಂದಿಗೆ ಮಾಡಬೇಕು? ಎಂಜಿನ್ನಿನ ಚಾಲನೆಯಿಂದ ಓಡುವ ಪಂಪ್ ಒಂದನ್ನು ಸೇರಿಸಿದರೆ ಇಡೀ ಸಮಸ್ಯೆ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ?

ಎರಡನೆಯ ಉತ್ತರ

ಪರೀಕ್ಷೆಯ ಕ್ರಮವನ್ನು ನಾನು ಹೇಳುತ್ತೇನೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಹೊಸದಾಗಿ ಕಟ್ಟಿದ ವಿಮಾನಗಳ ಪರೀಕ್ಷೆಗಾಗಿ ಹೊರಡಿಸಿರುವ 90-89 ಸಂಖ್ಯೆಯ ಸಲಹಾಪತ್ರ ಈ ಕೆಲಸಕ್ಕೆ ಒಳ್ಳೆಯ ಆಧಾರ. ಏರುವಾಗ ಬರಬಹುದಾದ ಅತಿ ಹೆಚ್ಚಿನ ಕೋನಕ್ಕಿಂತ 5 ಡಿಗ್ರಿ ಹೆಚ್ಚು ಮೂತಿ ಎತ್ತಿ, ಟ್ಯಾಂಕಿನಲ್ಲಿ ಅತಿ ಕಡಿಮೆ ಇಂಧನವಿಟ್ಟು ಅಳೆಯಬೇಕು. ಪಂಪ್ ಇಲ್ಲದ ವ್ಯವಸ್ಥೆಯಲ್ಲಿ ಹರಿವು ಪೂರ್ಣ ಶಕ್ತಿಯ ಬಳಕೆಯ 150 ಶೇಕಡ ಇರಬೇಕು. ನಿಮ್ಮ ಎಂಜಿನ್‌ಗೆ ಅದು ನಿಮಿಷಕ್ಕೆ 520 ಮಿ.ಲೀ. ಆಗುತ್ತದೆ. ಬಾಲ ನೆಲದ ಮೇಲಿದ್ದಾಗ ಸಿಗುವ ಕೋನ ಇದಕ್ಕೆ ಸಾಲದು. ಬಾಲಚಕ್ರಕ್ಕೆ ಒಂದು ಗುಂಡಿ ತೋಡಿ ಇಳಿಸುವುದು ಎಲ್ಲಕ್ಕಿಂತ ಭದ್ರ. ಅದಾಗದಿದ್ದರೆ ಮುಂದಿನ ಚಕ್ರಗಳನ್ನು ಅಗಲವಾದ ಹಲಗೆಗಳ ಮೇಲೆ ಹತ್ತಿಸಿ, ಅಡ್ಡಗಟ್ಟೆ ಕೊಟ್ಟು, ಬಾಲವನ್ನು ಕಟ್ಟಿಹಾಕಿ. ಕೆಲಸ ಬಯಲಿನಲ್ಲೇ ನಡೆಯಲಿ. ವಿಮಾನವನ್ನೂ ಇಂಧನ ಹಿಡಿಯುವ ಲೋಹದ ಪಾತ್ರೆಯನ್ನೂ ತಂತಿಯಿಂದ ಜೋಡಿಸಿ ನೆಲಕ್ಕೆ ಸಂಪರ್ಕ ಕೊಡಿ, ಬೆಂಕಿ ಆರಿಸುವ ಸಾಧನ ಕೈಗೆಟುಕುವಂತಿರಲಿ.

ಅಳೆದ ಅಂಕಿಯನ್ನು ಮೇಲಿನ ಲೆಕ್ಕದ ಅಂಕಿಯೊಂದಿಗೆ ಹೋಲಿಸಿ. ಎರಡೂ ಹತ್ತಿರವಿದ್ದರೆ ದೋಷ ಎತ್ತರದ ಅಂತರದಲ್ಲಿ ಮಾತ್ರ ಇದೆ. ಅಳತೆ ಲೆಕ್ಕಕ್ಕಿಂತ ಸ್ಪಷ್ಟವಾಗಿ ಕಡಿಮೆಯಾದರೆ ದಾರಿಯಲ್ಲಿ ಏನೋ ಅಡ್ಡವಿದೆ. ಆಗ ಟ್ಯಾಂಕಿನ ಹೊರದಾರಿಯ ಜಾಲರಿಯಿಂದ ಆರಂಭಿಸಿ. ಟ್ಯಾಂಕಿನೊಳಗೆ ಸೋರಿಕೆ ತಡೆಯುವ ಲೇಪನ ಹಾಕಿದ್ದರೆ, ಅದರಲ್ಲೂ ಹಳೆಯ ಬಗೆಯ ಲೇಪನವಿರುವ ಟ್ಯಾಂಕಿಗೆ ಎಥನಾಲ್ ಬೆರೆತ ಪೆಟ್ರೋಲ್ ಸುರಿದಿದ್ದರೆ, ಲೇಪನ ಮೆತ್ತಗಾಗಿ ತೆಳುವಾದ ಹಾಳೆಯಂತೆ ಎದ್ದು ಬರುತ್ತದೆ. ಇಂಥ ಚೂರು ಇಂಧನದಲ್ಲಿ ತೇಲಾಡಿಕೊಂಡಿದ್ದು, ಹರಿವು ಹೆಚ್ಚಾದಾಗ ಜಾಲರಿಯ ಮೇಲೆ ಹೋಗಿ ಅಂಟಿಕೊಳ್ಳುತ್ತದೆ, ಹರಿವು ನಿಂತ ಕೂಡಲೇ ಕಳಚಿಕೊಳ್ಳುತ್ತದೆ; ಆದ್ದರಿಂದ ಬಿಚ್ಚಿ ನೋಡಿದಾಗ ಎಲ್ಲವೂ ಸ್ವಚ್ಛವಾಗಿ ಕಾಣಬಹುದು. ಟ್ಯಾಂಕ್ ಪೂರ್ತಿ ಬರಿದು ಮಾಡಿ, ಇಂಧನವನ್ನು ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ.

ನಂತರ ಇಂಧನ ಮುಚ್ಚುವ ಕವಾಟದ ಒಳರಂಧ್ರವನ್ನು ಗಮನಿಸಿ: ಪೈಪಿನ ಅಗಲಕ್ಕೆ ಹೊಂದುವ ಎಷ್ಟೋ ಕವಾಟಗಳ ಒಳದಾರಿ ಪೈಪಿಗಿಂತ ಬಹಳ ಕಿರಿದಾಗಿರುತ್ತದೆ. 90 ಡಿಗ್ರಿ ಮೊಣಕೈ ಜೋಡಣೆಗಳ ಬದಲು ಪೈಪನ್ನೇ ಬಳಕುವಂತೆ ಬಗ್ಗಿಸುವುದು ಲೇಸು. ಟ್ಯಾಂಕಿನಿಂದ ಗ್ಯಾಸ್ಕೊಲೇಟರ್‌ವರೆಗೆ (ಇಂಧನದ ಕಸ, ನೀರು ತಡೆಯುವ ಬಟ್ಟಲಿನವರೆಗೆ) ಪೈಪ್ ಎಲ್ಲಿಯೂ ಮೇಲೇರದೆ ಇಳಿಯುತ್ತಲೇ ಹೋಗಬೇಕು. ನಡುವೆ ಒಂದು ಉಬ್ಬು ಇದ್ದರೆ ಅಲ್ಲಿ ಗಾಳಿಯ ಗುಳ್ಳೆ ನಿಂತುಬಿಡುತ್ತದೆ. ಎಕ್ಸಾಸ್ಟ್ ಪೈಪಿನ ಬಳಿ ಹಾದುಹೋಗುವ ಭಾಗಕ್ಕೆ ಶಾಖ ತಡೆಯುವ ಕವಚ ಇರಲಿ.

ಪಂಪ್ ಬಗ್ಗೆ ಹೇಳುವುದಾದರೆ, ನಾನು ಅದನ್ನು ಕೊನೆಯ ದಾರಿ ಎಂದೇ ಭಾವಿಸುತ್ತೇನೆ. ಗುರುತ್ವದಿಂದ ಇಳಿಯುವ ಇಂಧನಕ್ಕೆಂದು ಹೊಂದಿಸಿದ ಸೂಜಿ ಕವಾಟ ಪಂಪಿನ ಒತ್ತಡವನ್ನು ತಡೆಯಲಾರದೆ ಕಾರ್ಬ್ಯುರೇಟರ್ ಉಕ್ಕಿ ಹರಿಯಬಹುದು. ಜೊತೆಗೆ ಕೆಡದೇ ಇರುವ ಒಂದು ವ್ಯವಸ್ಥೆಗೆ ಕೆಡಬಲ್ಲ ಭಾಗವೊಂದನ್ನು ಸೇರಿಸಿದಂತಾಗುತ್ತದೆ.

ಪ್ರಶ್ನೆ ಕೇಳಿದವರು

ಬಾಲಚಕ್ರವನ್ನು ಗುಂಡಿಗೆ ಇಳಿಸಿ, ಕೋನಮಾಪಕದಲ್ಲಿ 16 ಡಿಗ್ರಿ ನೋಡಿ, ಕಾಲುಭಾಗ ಇಂಧನದೊಂದಿಗೆ ಅಳೆದೆ. ನಿಮಿಷಕ್ಕೆ 310 ಮಿ.ಲೀ. ಬಂದಿತು. ಆ ಕೋನದಲ್ಲಿ ಎತ್ತರದ ಅಂತರ ಹತ್ತೂವರೆ ಸೆಂ.ಮೀ. ಆಗುವುದರಿಂದ ಲೆಕ್ಕದ ಪ್ರಕಾರ 390 ಬರಬೇಕಿತ್ತು. ಟ್ಯಾಂಕ್ ಬರಿದು ಮಾಡಿ ಸೋಸಿದಾಗ ಬಟ್ಟೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಅಗಲದ, ಮಾಸಲು ಹಳದಿ ಬಣ್ಣದ ಲೇಪನದ ಚೂರುಗಳು ಸಿಕ್ಕವು. ಅವುಗಳಲ್ಲಿ ಒಂದರ ಮೇಲೆ ಜಾಲರಿಯ ಕಣ್ಣುಗಳ ಗುರುತು ಅಚ್ಚೊತ್ತಿದಂತೆ ಮೂಡಿತ್ತು.

ಟ್ಯಾಂಕನ್ನು ಬಿಚ್ಚಿ ಹಳೆಯ ಲೇಪನವನ್ನೆಲ್ಲ ತೆಗೆಸಿ, ಬೆಸುಗೆಯ ಸಾಲುಗಳನ್ನು ಸರಿಪಡಿಸಿ, ಲೇಪನವಿಲ್ಲದೆಯೇ ಮರಳಿ ಕೂರಿಸಿದ್ದೇನೆ. ಈಗ ಅದೇ ಭಂಗಿಯಲ್ಲಿ 480 ಮಿ.ಲೀ. ಬರುತ್ತಿದೆ. 520 ಇನ್ನೂ ಮುಟ್ಟಿಲ್ಲ. ಮುಂದಕ್ಕೆ ತೆರೆದ ಗಾಳಿಕಿಂಡಿಯನ್ನು ಹಾಕಿದರೆ ಉಳಿದ ಕೊರತೆ ತುಂಬುತ್ತದೆ ಎಂದು ಲೆಕ್ಕ ಹಾಕಬಹುದೇ?

ಮೊದಲ ಉತ್ತರ ಕೊಟ್ಟವರು

ಗಾಳಿಕಿಂಡಿಯನ್ನು ಖಂಡಿತ ಮುಂದಕ್ಕೆ ತಿರುಗಿಸಿ, ಆದರೆ ಅದರಿಂದ ಬರುವ ಒತ್ತಡವನ್ನು 520ರ ಲೆಕ್ಕಕ್ಕೆ ಸೇರಿಸಬೇಡಿ. ಕಿಂಡಿಗೆ ಕೀಟವೊಂದು ಗೂಡು ಕಟ್ಟಿದರೂ, ನೀರಿನ ಹನಿ ಹೆಪ್ಪುಗಟ್ಟಿದರೂ ಆ ಸಹಾಯ ತಪ್ಪಿಹೋಗುತ್ತದೆ. ಇದೇ ಕಾರಣಕ್ಕೆ ಮುಚ್ಚಳದಲ್ಲಿನ ರಂಧ್ರವೊಂದನ್ನೇ ನಂಬದೆ, ಬೇರೆ ಜಾಗದಲ್ಲಿ ಎರಡನೆಯ ಕಿಂಡಿಯೂ ಇರುವುದು ಒಳ್ಳೆಯದು. ಆದರೆ ಆ ಎರಡನೆಯದು ಸೆಳೆತವಿರುವ ಜಾಗದಲ್ಲಿ ತೆರೆದುಕೊಂಡರೆ ಮೊದಲನೆಯದರ ಒತ್ತಡವನ್ನೆಲ್ಲ ಅದೇ ಸೋರಿಸಿಬಿಡುತ್ತದೆ. ನೆಲದ ಮೇಲೆ, ಕಿಂಡಿಯ ನೆರವಿಲ್ಲದೆ 520 ದಾಟಲೇಬೇಕು. ಕವಾಟವನ್ನು ಅಗಲ ಒಳದಾರಿಯದಕ್ಕೆ ಬದಲಿಸಿ, ಮೊಣಕೈ ಜೋಡಣೆಗಳನ್ನು ತೆಗೆದರೆ ಅಲ್ಲಿಗೆ ತಲುಪುವ ಸಾಧ್ಯತೆ ಹೆಚ್ಚು.

ಅದೂ ಸಾಲದಿದ್ದರೆ ರೆಕ್ಕೆಯ ಮಧ್ಯಭಾಗದಲ್ಲಿ ಟ್ಯಾಂಕ್ ಇಡುವುದು ಈ ವಿನ್ಯಾಸದಲ್ಲಿ ಹಲವರು ಬಳಸಿರುವ ದಾರಿ. ಪ್ಯಾರಾಸಾಲ್ ರೆಕ್ಕೆ ಪೈಲಟ್‌ನ ತಲೆಗಿಂತ ಮೇಲಿರುವುದರಿಂದ ಎತ್ತರದ ಚಿಂತೆಯೇ ಉಳಿಯುವುದಿಲ್ಲ. ಆದರೆ ಇಂಧನದ ತೂಕ ಮೂತಿಯಿಂದ ಹಿಂದಕ್ಕೆ ಸರಿಯುವುದರಿಂದ ತೂಕ ಮತ್ತು ಸಮತೋಲನದ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಹಗುರ ಎಂಜಿನ್ ಇರುವ ನಿಮ್ಮ ವಿಮಾನದಲ್ಲಿ ಇದು ಸಣ್ಣ ಮಾತಲ್ಲ.

ಹರಿವು 520 ದಾಟಿದ ಮೇಲೆ ಅದೇ ಭಂಗಿಯಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಇಂಧನ ತಾನಾಗಿ ನಿಲ್ಲುವವರೆಗೆ ಹರಿಯಲು ಬಿಟ್ಟು, ಟ್ಯಾಂಕಿನಲ್ಲಿ ಉಳಿದದ್ದನ್ನು ಅಳೆಯಿರಿ. ಅದು ನಿಮ್ಮ ವಿಮಾನದಲ್ಲಿ ಬಳಕೆಗೆ ಬಾರದ ಇಂಧನ. ಹಾಗೆಯೇ ಹರಿವು 520ಕ್ಕಿಂತ ಕೆಳಗಿಳಿಯುವ ಮಟ್ಟ ಯಾವುದೆಂದು ಗುರುತಿಸಿ, ಆ ಮಟ್ಟಕ್ಕಿಂತ ಕಡಿಮೆ ಇದ್ದಾಗ ನೆಲ ಬಿಡಬಾರದೆಂದು ಟ್ಯಾಂಕಿನ ಮಾಪಕದ ಪಕ್ಕದಲ್ಲಿ ಬರೆದು ಅಂಟಿಸಿ. ಮೊದಲ ಹಾರಾಟಕ್ಕೆ ಟ್ಯಾಂಕ್ ತುಂಬಿಸಿ ಹೊರಟು, ಮೈದಾನದ ನೇರ ಮೇಲೆ ಸಾಕಷ್ಟು ಎತ್ತರ ಗಳಿಸಿಕೊಂಡು, ಇಂಧನ ಆ ಗುರುತಿನ ಹತ್ತಿರ ಇಳಿಯುವವರೆಗೆ ಸುತ್ತುತ್ತಿರಿ. ಅಲ್ಲಿ ಪೂರ್ಣ ಥ್ರಾಟಲ್ ಕೊಟ್ಟು, ಮೂತಿ ಎತ್ತಿ, ಐದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಏರಿಸಿ ನೋಡಿ. ತಡವರಿಕೆಯ ಸುಳಿವು ಕಂಡ ಕ್ಷಣವೇ ಮೂತಿ ತಗ್ಗಿಸಿ ಮೈದಾನಕ್ಕೆ ಇಳಿಯಿರಿ, ಇನ್ನೊಮ್ಮೆ ನೋಡೋಣವೆಂದು ಮೇಲಕ್ಕೆ ತಿರುಗಿಸಬೇಡಿ.