ಕ್ಲಿಪ್ ಪೆಡಲ್ ಕುರಿತು ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಶಿರಸಿ): [ಫಾರ್ವರ್ಡ್] ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲಿಪ್ ಶೂ ಧರಿಸಿ ಸೈಕಲ್ ತುಳಿಯುವವರ ಪಾದ ಪೆಡಲಿಗೆ ಬಂದಿಯಾಗುತ್ತದೆ. ಕೈಯಿಂದ ಬಿಚ್ಚದೆ ಕಾಲು ಹೊರಬರುವುದಿಲ್ಲ. ಎಲ್ಲರಿಗೂ ತಿಳಿಸಿ.

ದೊಡ್ಡಪ್ಪ: ನಮ್ಮ ಹುಡುಗ ಬಿಣಗಾದಿಂದ ಕಾರವಾರದ ಕಚೇರಿಗೆ ಹೆದ್ದಾರಿಯಲ್ಲೇ ಸೈಕಲ್ಲಿನಲ್ಲಿ ಹೋಗಿಬರುವವನು. ಇಂಥದೇ ಶೂ ಕೊಳ್ಳಲಿದ್ದಾನೆಂದು ಕೇಳಿದಂದಿನಿಂದ ನನಗೆ ಸಮಾಧಾನವಿಲ್ಲ.

ಅಣ್ಣ (ಹುಬ್ಬಳ್ಳಿ): ಇದನ್ನು ಬರೆದವರು ಯಾರು, ಎಲ್ಲಿ ನಡೆದದ್ದು ಎಂಬ ಒಂದು ಮಾತೂ ಇದರಲ್ಲಿಲ್ಲ. ಆಧಾರವೇನು ದೊಡ್ಡಪ್ಪ?

ದೊಡ್ಡಪ್ಪ: ಮದುವೆಯ ಊಟದ ಲೆಕ್ಕದಲ್ಲೂ ನೀನು ಹೀಗೆಯೇ ಆಧಾರ ಕೇಳಿದ್ದೆ. ಹಿರಿಯರ ಕಾಳಜಿಗೆ ರಸೀದಿ ಇರುವುದಿಲ್ಲ.

ಅತ್ತೆ (ಅಂಕೋಲಾ): ಆ ಲೆಕ್ಕದಲ್ಲಿ ನಮ್ಮ ಮನೆಯವರ ಹೆಸರು ಬಂದದ್ದನ್ನು ನಾನಿನ್ನೂ ಮರೆತಿಲ್ಲ. ಅದಿರಲಿ, ಹುಡುಗನಿಗೆ ಆ ಸೈಕಲ್ಲನ್ನು ಕೊಡಿಸಿದವರು ಯಾರು?

ಅಣ್ಣ: ನಾನೇ ಕೊಡಿಸಿದ್ದು ಅತ್ತೆ. ಅದರಲ್ಲಿ ತಪ್ಪೇನಿದೆ?

ನಾನು (ಆ ಹುಡುಗ): ದೊಡ್ಡಪ್ಪ, ಸಂದೇಶದಲ್ಲಿ ಹೇಳಿರುವುದು ಹಳೆಯ ಕಾಲದ ಪಟ್ಟಿ ಪೆಡಲಿಗೆ ಸರಿಹೊಂದುತ್ತದೆ. ಅದರಲ್ಲಿ ಪಾದವನ್ನು ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು, ಸಡಿಲಿಸಲು ಕೈ ಬೇಕಾಗುತ್ತಿತ್ತು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಹಿಮದ ಸ್ಕೀ ಹಲಗೆಗೆ ಬೂಟು ಸಿಕ್ಕಿಸುವ ವಿಧಾನವನ್ನೇ ಪೆಡಲಿಗೆ ತಂದ ಮೇಲೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಸಾಕು, ಕಾಲು ತಾನಾಗಿ ಬಿಡುತ್ತದೆ. ಮರುವರ್ಷ ಫ್ರಾನ್ಸಿನ ಸೈಕಲ್ ಸ್ಪರ್ಧಿ ಬರ್ನಾರ್ಡ್ ಇನೋ ಅದೇ ಪೆಡಲಿನಲ್ಲಿ ಟೂರ್ ದೆ ಫ್ರಾನ್ಸ್ ಗೆದ್ದರು.

ಭಾವ (ಕುಮಟಾ): ನಾವು ಸರಳಿನೊಳಗಿಂದ ಕಾಲು ತೂರಿಸಿ ಬಾಡಿಗೆಯ ಅಟ್ಲಾಸ್ ಕಲಿತವರು. ಹವಾಯಿ ಚಪ್ಪಲಿಯಲ್ಲೇ ದೇವಿಮನೆ ಘಟ್ಟ ಇಳಿದದ್ದು ದೊಡ್ಡಪ್ಪನಿಗೂ ನೆನಪಿರಬೇಕು.

ದೊಡ್ಡಪ್ಪ: ನೆನಪಿದೆ. ನಿನ್ನ ಚಪ್ಪಲಿಯೊಂದು ಅಲ್ಲೇ ಉಳಿಯಿತು.

ಅಣ್ಣ: ವಿಷಯಕ್ಕೆ ಬರೋಣ. ಈ ಶೂ ಹಾಕಿದರೆ ಕಾಲನ್ನು ಮೇಲಕ್ಕೆಳೆದೂ ಬಲ ಪಡೆಯಬಹುದು ಎನ್ನುತ್ತಾರೆ. ಅದಕ್ಕಾದರೂ ಆಧಾರವಿದೆಯೇ?

ನಾನು: ಒಂದೇ ಸಮನೆ ತುಳಿಯುವಾಗ ಬಲದ ಬಹುಪಾಲು ಕೆಳಕ್ಕೆ ಒತ್ತುವುದರಿಂದಲೇ ಬರುತ್ತದೆ. ಆ ಆಸೆಯಿಂದ ದಿನದ ಓಡಾಟಕ್ಕೆ ಇದನ್ನು ಕೊಳ್ಳಬೇಕಿಲ್ಲ. ನನಗೆ ಬೇಕಾಗಿರುವುದು ಮಳೆಗಾಲಕ್ಕೆ: ಜೂನ್ ಬಂತೆಂದರೆ ಒದ್ದೆ ಪೆಡಲಿನ ಮೇಲೆ ಅಡಿ ಜಾರುತ್ತದೆ. ನಾನು ನೋಡುತ್ತಿರುವುದು ಜಪಾನಿನ ಶಿಮಾನೊ ಕಂಪನಿಯ, ಎರಡು ಬೋಲ್ಟಿನ ಎಸ್‌ಪಿಡಿ ಬಗೆ. ಅದರ ಲೋಹದ ಕ್ಲೀಟು, ಅಂದರೆ ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು, ಶೂವಿನ ಅಟ್ಟೆಯ ಗುಳಿಯೊಳಗೆ ಕುಳಿತಿರುವುದರಿಂದ ಕಚೇರಿಯ ಮೆಟ್ಟಿಲನ್ನೂ ಮೀನುಪೇಟೆಯನ್ನೂ ಸಹಜವಾಗಿ ನಡೆದು ದಾಟಬಹುದು. ಸ್ಪರ್ಧೆಯವರ ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟು ಅಡಿಯಿಂದ ಹೊರಚಾಚಿರುತ್ತದೆ, ಒದ್ದೆ ಟೈಲ್ಸಿನ ಮೇಲೆ ಅದನ್ನು ಹಾಕಿ ನಡೆಯುವುದೇ ನಿಜವಾದ ಅಪಾಯ.

ಅತ್ತೆ: ಮೀನುಪೇಟೆಯ ಮುಂದೆ ದನ ಅಡ್ಡ ಬಂದರೆ ಹಿಮ್ಮಡಿ ತಿರುಗಿಸಲು ನೆನಪಾಗುತ್ತದೆಯೇ?

ನಾನು: ಅದು ಸರಿಯಾದ ಪ್ರಶ್ನೆ ಅತ್ತೆ. ಹೊಸಬರು ಬೀಳುವುದು ವೇಗದಲ್ಲಲ್ಲ, ನಿಲ್ಲುವ ಕ್ಷಣದಲ್ಲಿ. ಆದ್ದರಿಂದ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಕ್ಲಿಪ್ ಇರುವ ಶಿಮಾನೊ ಇಎಚ್500ರಂಥ ಪೆಡಲನ್ನು ಆರಿಸಿದ್ದೇನೆ. ಪೇಟೆಯೊಳಗೆ ಚಪ್ಪಟೆ ಬದಿಯನ್ನೇ ತುಳಿಯುತ್ತೇನೆ. ಹಲವು ದಿಕ್ಕಿಗೆ ಬಿಡಿಸಿಕೊಳ್ಳುವ ಎಸ್‌ಎಚ್56 ಕ್ಲೀಟನ್ನು ಬಳಸಿ, ಪೆಡಲಿನ ಸ್ಪ್ರಿಂಗಿನ ಬಿಗಿತವನ್ನು ಅತ್ಯಂತ ಕಡಿಮೆಗೆ ಇಟ್ಟು, ಮೊದಲು ಗೋಡೆ ಹಿಡಿದು ಅಭ್ಯಾಸ ಮಾಡುತ್ತೇನೆ. ಕೆಮ್ಮಣ್ಣಿನ ಕೆಸರು ಕ್ಲೀಟಿನಲ್ಲಿ ತುಂಬಿದರೆ ಸಿಕ್ಕಿಸುವುದೂ ಬಿಡಿಸುವುದೂ ಕಷ್ಟವಾಗುತ್ತದೆ, ಕಡಲ ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿಯುತ್ತದೆ. ಅದಕ್ಕೆ ಬ್ರಶ್ಶೂ ಗ್ರೀಸೂ ಬೇಕು.

ದೊಡ್ಡಪ್ಪ: ಇದನ್ನು ಮೊದಲೇ ನನಗೆ ಫೋನ್ ಮಾಡಿ ಹೇಳಬಹುದಿತ್ತು.

ಅಣ್ಣ: ನೀವೂ ಫಾರ್ವರ್ಡ್ ಮಾಡುವ ಮೊದಲು ಅವನಿಗೇ ಫೋನ್ ಮಾಡಬಹುದಿತ್ತು.

ಅತ್ತೆ: ಮತ್ತೆ ಶುರು ಮಾಡಬೇಡಿ.

ಭಾವ: ಹಳೆಯ ಪೆಡಲ್ ಬಿಚ್ಚಲು 15 ಮಿ.ಮೀ. ಸ್ಪ್ಯಾನರ್ ನನ್ನ ಬಳಿ ಇದೆ, ಭಾನುವಾರ ತರುತ್ತೇನೆ. ಎಡ ಪೆಡಲಿನ ತಿರುಪು ವಿರುದ್ಧ ದಿಕ್ಕಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ನಾನು ಬರುವ ಮುನ್ನ ನೀನು ಬಲ ಹಾಕಿ ತಿರುಗಿಸಲು ಹೋಗಬೇಡ.