ತಗ್ಗಿನ ಸ್ಪೋರ್ಟ್ಸ್ ಕಾರಿಗೆ ಯಾವ ಕವರ್? ಗೊತ್ತಿರುವವರು ಹೇಳಿ

ಪ್ರಶ್ನೆ

ಎರಡು ಬಾಗಿಲಿನ ಕೂಪೆ, ಹಿಂದೆ ಡಿಕ್ಕಿ ಮೇಲೆ ಫಿಕ್ಸೆಡ್ ವಿಂಗ್ (ಎತ್ತರಕ್ಕೆ ನಿಂತ ಹಲಗೆ) ಇದೆ. ಬಾನೆಟ್ಟಿಗೂ ಮುಂದಿನ ಬಂಪರಿಗೂ ಪಿಪಿಎಫ್ (ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಿದೆ, ಉಳಿದದ್ದು ಬರೀ ಪೇಂಟ್. ನಿಲ್ಲಿಸುವ ಜಾಗಕ್ಕೆ ಮೇಲೆ ಶೀಟ್ ಇದೆ, ಮೂರು ಕಡೆ ಗೋಡೆ ಇಲ್ಲ. ಮಧ್ಯಾಹ್ನದ ಮೇಲೆ ಒಂದು ಪಕ್ಕಕ್ಕೆ ಬಿಸಿಲು ಬೀಳುತ್ತದೆ, ಮಳೆ ಜೋರಾದರೆ ಎರಚಲು ಹೊಡೆಯುತ್ತದೆ, ಧೂಳಂತೂ ಇದ್ದೇ ಇದೆ. ವಾರಕ್ಕೆ ಒಂದೆರಡು ಸಲ ಗಾಡಿ ಹೊರಗೆ ತೆಗೆಯುವುದು. ‘ನೂರಕ್ಕೆ ನೂರು ವಾಟರ್‌ಪ್ರೂಫ್’ ಅಂತ ಬರೆದಿರುವ ರೆಡಿಮೇಡ್ ಕವರ್ ಸಾಕಾ, ಇಲ್ಲ ಮಾಡೆಲ್‌ಗೆ ಅಂತಲೇ ಹೊಲಿದದ್ದು ಬೇಕಾ? ಬಟ್ಟೆ ಯಾವುದು ಒಳ್ಳೆಯದು?

ಡಿಟೇಲಿಂಗ್ ಕೆಲಸದವರು

ಮೊದಲು ಆ ‘ವಾಟರ್‌ಪ್ರೂಫ್’ ವಿಚಾರ. ನಿಮ್ಮ ಜಾಗಕ್ಕೆ ಅದು ಬೇಡವೇ ಬೇಡ. ಪೂರ್ತಿ ನೀರು ತಡೆಯುವ ಅಗ್ಗದ ಕವರುಗಳು ಒಂದೋ ಪಿವಿಸಿ ಅಥವಾ ಪಿಇವಿಎ ಎಂಬ ಪ್ಲಾಸ್ಟಿಕ್ ಶೀಟಿನವು, ಇಲ್ಲವೇ ತೆಳು ಪಾಲಿಯೆಸ್ಟರಿಗೆ ಪಿಯು (ಪಾಲಿಯುರೆಥೇನ್) ಕೋಟಿಂಗ್ ಬಳಿದವು. ಹೊರಗಿನ ನೀರು ಒಳಗೆ ಬರುವುದಿಲ್ಲ ನಿಜ, ಒಳಗಿನ ತೇವವೂ ಹೊರಗೆ ಹೋಗುವುದಿಲ್ಲ. ನೆಲದಿಂದ ಏಳುವ ತೇವ, ತೊಳೆದ ಮೇಲೆ ಮಿರರ್ ಸಂದಿಯಲ್ಲೂ ಬಾಗಿಲಿನ ರಬ್ಬರಿನಲ್ಲೂ ಉಳಿದ ನೀರು ಎಲ್ಲ ಹಗಲು ಆವಿಯಾಗುತ್ತದೆ. ರಾತ್ರಿ ಲೋಹ ತಣ್ಣಗಾದಾಗ ಅದೇ ಆವಿ ಪೇಂಟಿನ ಮೇಲೆ ಹನಿಯಾಗಿ ಕೂರುತ್ತದೆ. ಮರುದಿನ ಮತ್ತೆ ಬಿಸಿ. ಹೀಗೆ ವಾರಗಟ್ಟಲೆ ನಡೆದರೆ ಕ್ಲಿಯರ್ ಕೋಟ್ (ಪೇಂಟಿನ ಮೇಲಿನ ಪಾರದರ್ಶಕ ಪದರ) ಮೇಲೆ ಬಿಳಿ ಮಂಕು ಬರುತ್ತದೆ, ಪಿಪಿಎಫ್ ಅಂಚಿನಲ್ಲಿ ಕಪ್ಪು ಗೆರೆ ಕಟ್ಟುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ. ಕೋಟಿಂಗ್ ಒಳಗಡೆ ಇದ್ದರೆ ಇನ್ನೂ ಕಷ್ಟ. ಬಿಸಿಲಿಗೆ ಅದು ಪುಡಿಪುಡಿಯಾಗಿ ಉದುರಿ ಪೇಂಟಿಗೆ ಅಂಟಿಕೊಳ್ಳುತ್ತದೆ.

ಕೊಳ್ಳುವ ಮೊದಲು ಅಂಗೈ ಅಗಲದ ತುಂಡು ಬಟ್ಟೆ ಸ್ಯಾಂಪಲ್ ಕೇಳಿ. ಲೋಟಕ್ಕೆ ಮುಕ್ಕಾಲು ಭಾಗ ಕುದಿ ನೀರು ಹಾಕಿ, ಬಾಯಿಗೆ ಬಟ್ಟೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ತಣ್ಣನೆಯ ಒಣ ಗಾಜಿನ ಲೋಟ ಬೋರಲು ಹಾಕಿ. ಒಂದೆರಡು ನಿಮಿಷದಲ್ಲಿ ಮೇಲಿನ ಗಾಜಿಗೆ ಮಬ್ಬು ಹಿಡಿದರೆ ಬಟ್ಟೆ ಆವಿ ಬಿಡುತ್ತದೆ. ಗಾಜು ಹಾಗೇ ಇದ್ದರೆ ಆ ಬಟ್ಟೆ ಬಿಟ್ಟುಬಿಡಿ. ಎರಡನೆಯದು, ಖಾಲಿ ಲೋಟದ ಮೇಲೆ ಬಟ್ಟೆಯನ್ನು ಸ್ವಲ್ಪ ಗುಳಿ ಬರುವಂತೆ ಕಟ್ಟಿ ಅರ್ಧ ಕಪ್ ನೀರು ಸುರಿದು ಅರ್ಧ ಗಂಟೆ ಬಿಡಿ. ತಳಕ್ಕೆ ನಾಲ್ಕು ಹನಿ ಇಳಿದರೂ ನಿಮಗೆ ನಡೆಯುತ್ತದೆ, ಯಾಕೆಂದರೆ ಬರುವುದು ಎರಚಲು ಮಾತ್ರ. ತೆರೆದ ಬಯಲಲ್ಲಿ ನಿಲ್ಲಿಸುವವರಿಗೆ ಅಷ್ಟು ಸಾಲದು.

ಕವರ್ ಹೊಲಿಯುವವರು

ರೆಡಿಮೇಡ್ ಕವರಿನ ಸೈಜು ಹೆಚ್ಚಾಗಿ ಗಾಡಿಯ ಉದ್ದದ ಮೇಲೆ ನಿಂತಿರುತ್ತದೆ. ಸ್ಪೋರ್ಟ್ಸ್ ಕಾರಿಗೆ ಆ ಲೆಕ್ಕ ಹೊಂದುವುದಿಲ್ಲ. ಪೋರ್ಷೆ 911ರ 992 ಕರೆರಾ 4519 ಮಿ.ಮೀ. ಉದ್ದ, ಎತ್ತರ ಸುಮಾರು 1300. ಅದೇ ಉದ್ದದ ಮಾಮೂಲಿ ಸೆಡಾನ್ 1450ರಿಂದ 1500 ಎತ್ತರ ಇರುತ್ತದೆ. ಸೆಡಾನ್ ಸೈಜಿನ ಕವರ್ ಹೊದಿಸಿದರೆ ಪ್ರತಿ ಪಕ್ಕಕ್ಕೂ 15-20 ಸೆಂ.ಮೀ. ಬಟ್ಟೆ ಹೆಚ್ಚಾಗಿ ನೆಲಕ್ಕೆ ಬೀಳುತ್ತದೆ, ಗಾಳಿಗೆ ಬಡಿದಾಡುತ್ತದೆ. ಕಾರ್ವೆಟ್ ಸಿ8 ಥರದ್ದಕ್ಕೆ ತೊಂದರೆ ಬೇರೆ: ಅಗಲವೇ 1934 ಮಿ.ಮೀ., ಹಿಂದಿನ ಚಕ್ರದ ಮೇಲಿನ ಉಬ್ಬಿನಲ್ಲಿ ಬಟ್ಟೆ ಬಿಗಿದು, ಬಾಗಿಲ ಹತ್ತಿರ ಜೋಲುತ್ತದೆ. ಮಜ್ದಾ ಎಂಎಕ್ಸ್-5 ಎನ್‌ಡಿ 3915 ಮಿ.ಮೀ. ಅಂತ ಹ್ಯಾಚ್‌ಬ್ಯಾಕಿನ ಕವರ್ ಹಾಕಿದರೂ ಅಷ್ಟೇ, ರೂಫ್ ಎತ್ತರಕ್ಕೆ ಹೊಲಿದ ಬಟ್ಟೆ ಎಲ್ಲಿಗೆ ಹೋಗಬೇಕು? ಪೇಂಟ್ ಕೆಡಿಸುವುದು ಗಾಳಿಗೆ ಬಡಿಯುವ ಬಟ್ಟೆ. ನಡುವೆ ಸಿಕ್ಕ ಧೂಳನ್ನು ಅದು ದಿನವಿಡೀ ಎಮರಿ ಪೇಪರಿನ ಹಾಗೆ ಉಜ್ಜುತ್ತಲೇ ಇರುತ್ತದೆ.

ವಿಂಗ್ ಇರುವುದರಿಂದ ನಿಮಗೆ ಹೊಲಿಸಿದ್ದೇ ಬೇಕು. ಅಳತೆ ಹೀಗೆ ಕೊಡಿ: ಮುಂದಿನ ಬಂಪರ್ ತುದಿಯಿಂದ ಹಿಂದಿನ ಬಂಪರ್ ತುದಿಯವರೆಗೆ ನೇರ ಉದ್ದ, ಮಿರರ್ ಬಿಟ್ಟು ಅತಿ ಹೆಚ್ಚಿನ ಅಗಲ, ರೂಫಿನ ಎತ್ತರ. ವಿಂಗಿಗೆ ನಾಲ್ಕು ಅಳತೆ: ಎಂಡ್ ಪ್ಲೇಟಿನಿಂದ ಎಂಡ್ ಪ್ಲೇಟಿಗೆ (ವಿಂಗಿನ ಎರಡೂ ತುದಿಯ ಪಟ್ಟಿಗಳ ನಡುವೆ) ಅಗಲ, ಡಿಕ್ಕಿ ಮುಚ್ಚಳದಿಂದ ವಿಂಗಿನ ಮೇಲ್ತುದಿಗೆ ಎತ್ತರ, ವಿಂಗಿನ ಹಲಗೆಯ ಅಗಲ, ಹಿಂದಿನ ಬಂಪರಿನ ತುದಿಯಿಂದ ವಿಂಗಿನ ಹಿಂದಂಚಿಗೆ ದೂರ. ಕೊನೆಯದನ್ನು ಬಹಳ ಮಂದಿ ಬಿಡುತ್ತಾರೆ, ಆಮೇಲೆ ವಿಂಗಿಗೆ ಹೊಲಿದ ಪಾಕೆಟ್ ಒಂದು ಗೇಣು ಹಿಂದೆ ಬಂದು ಕವರ್ ಪೂರ್ತಿ ಎಳೆದುಕೊಂಡಿರುತ್ತದೆ. ಪಕ್ಕದಿಂದ ನೇರಕ್ಕೆ ತೆಗೆದ ಒಂದು ಫೋಟೊ ಜೊತೆಗೆ ಕಳಿಸಿ.

ಮಿರರ್ ಲಾಕ್ ಮಾಡಿದಾಗ ತಾನೇ ಮಡಚಿಕೊಳ್ಳುತ್ತದಾ ಅಂತ ನೋಡಿ ಹೇಳಿ. ಮಡಚುವ ಮಿರರಿಗೆ ತೆರೆದ ಅಳತೆಯ ಪಾಕೆಟ್ ಹೊಲಿದರೆ ಎರಡು ಖಾಲಿ ಕಿವಿ ಗಾಳಿಗೆ ಬಡಿಯುತ್ತವೆ. ವಿಂಗಿನ ಮೂಲೆ, ಸ್ಪ್ಲಿಟರ್ (ಮುಂದಿನ ಬಂಪರ್ ಕೆಳಗೆ ಚಾಚಿದ ಪಟ್ಟಿ) ಅಂಚು, ಕನಾರ್ಡ್ (ಬಂಪರಿನ ಪಕ್ಕದ ಚಿಕ್ಕ ರೆಕ್ಕೆ) ಇದ್ದರೆ ಅದರ ತುದಿ, ಇಲ್ಲೆಲ್ಲ ಒಳಗಡೆಯಿಂದ 10-15 ಸೆಂ.ಮೀ. ಮೆತ್ತನೆಯ ಪ್ಯಾಚ್ ಹಾಕಿಸಿ. ಬಟ್ಟೆ ಮೊದಲು ಹರಿಯುವುದು ಅಲ್ಲೇ. ಹೊಲಿಗೆ ರೂಫಿನ ನಟ್ಟನಡುವೆ ಬರಬಾರದು, ನೀರು ನಿಲ್ಲುವುದೂ ಇಳಿಯುವುದೂ ಅಲ್ಲಿಂದಲೇ. ಕವರನ್ನು ಗಾಡಿಯ ಕೆಳಗಿಂದ ಕಟ್ಟುವ ಬೆಲ್ಟಿನ ಬಕಲ್ ಪ್ಲಾಸ್ಟಿಕ್ಕಿನದು ಇರಲಿ, ಲೋಹದ ಕೊಕ್ಕೆ ಸಿಲ್ ಪ್ಯಾನೆಲ್ಲಿಗೆ (ಬಾಗಿಲ ಕೆಳಗಿನ ಪಟ್ಟಿಗೆ) ತಾಗಿದರೆ ಪೇಂಟ್ ಏಳುತ್ತದೆ.

ಬಟ್ಟೆಯ ಬಗ್ಗೆ ಇನ್ನೊಬ್ಬರು

ಅಳತೆ ವಿಚಾರಕ್ಕೆ ಸೇರಿಸುವುದೇನಿಲ್ಲ. ಬಟ್ಟೆ ಹೇಳುತ್ತೇನೆ.

ಮೂರು-ನಾಲ್ಕು ಪದರದ ನಾನ್‌ವೋವನ್ (ನೇಯದೆ ನಾರು ಒತ್ತಿ ಮಾಡಿದ) ಪಾಲಿಪ್ರೊಪಿಲೀನ್ ಕವರುಗಳು ಹೆಚ್ಚು ಸಿಗುತ್ತವೆ. ನಡುವಿನ ಪದರ ನೀರು ತಡೆದು ಆವಿ ಬಿಡುತ್ತದೆ, ಹೊಸದರಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ಪಾಲಿಪ್ರೊಪಿಲೀನಿಗೆ ಬಿಸಿಲಿನ ಯುವಿ ಕಿರಣ ಆಗುವುದಿಲ್ಲ. ಸ್ಟೆಬಿಲೈಸರ್ ಸೇರಿಸಿದ್ದರೂ ದಿನಾ ಬಿಸಿಲು ಬೀಳುವ ಪಕ್ಕ ಮೊದಲು ಬಿರುಸಾಗಿ, ಉಗುರಿನಿಂದ ಕೆರೆದರೆ ನಾರು ಕಿತ್ತು ಬರುತ್ತದೆ. ಆ ಹೊತ್ತಿಗೆ ಕವರ್ ಬದಲಿಸಲೇಬೇಕು, ಉದುರಿದ ನಾರು ಪೇಂಟಿಗೆ ಅಂಟುತ್ತದೆ.

ಸೊಲ್ಯೂಷನ್ ಡೈಡ್ ಅಕ್ರಿಲಿಕ್ ಅಂದರೆ ನೂಲು ತೆಗೆಯುವಾಗಲೇ ಬಣ್ಣ ಸೇರಿಸಿದ್ದು. ಅಂಗಡಿ ಮುಂದೆ ನೆರಳಿಗೆ ಚಾಚುವ ಆನಿಂಗ್‌ಗೆ ಬಳಸುವ ಬಟ್ಟೆಯ ಜಾತಿಯದ್ದೇ. ಬಿಸಿಲಿಗೆ ಬಾಳಿಕೆ ಅಂದರೆ ಇದರದ್ದು. ಉಸಿರಾಡುತ್ತದೆ, ಎರಚಲು ತಡೆಯುತ್ತದೆ, ಒಂದೇ ಸಮ ಜಡಿಮಳೆಯಾದರೆ ಹೊಲಿಗೆಯಲ್ಲಿ ಒದ್ದೆಯಾಗುತ್ತದೆ. ನಿಮ್ಮ ಶೆಡ್ಡಿಗೆ ನನ್ನ ಮತ ಇದಕ್ಕೇ, ತಿಳಿ ಬಣ್ಣದಲ್ಲಿ. ಒಳಮೈಗೆ ತೆಳು ಫ್ಲಾನೆಲ್ ಲೈನಿಂಗ್ ಸಾಕು. ಮೆತ್ತಗಿದೆ ಅಂತ ದಪ್ಪ ಫ್ಲೀಸ್ ಹಾಕಿಸುವವರಿದ್ದಾರೆ, ಅದರ ಜುಂಗಿನಲ್ಲಿ ಮರಳು ಸಿಕ್ಕಿಕೊಂಡರೆ ಕೊಡವಿದರೂ ಬೀಳುವುದಿಲ್ಲ, ಒದ್ದೆಯಾದರೆ ಒಣಗುವುದೂ ತಡ.

ಲೈಕ್ರಾ ಥರದ ಸ್ಟ್ರೆಚ್ ಕವರ್ ಮೈಗೆ ಅಂಟಿ ಚಂದ ಕಾಣುತ್ತದೆ. ನಾಲ್ಕು ಗೋಡೆಯ ಗ್ಯಾರೇಜಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನಿಮ್ಮಲ್ಲಿ ನುಣುಪು ಧೂಳು ಅದರೊಳಗಿಂದ ಇಳಿಯುತ್ತದೆ, ತೆಗೆಯುವಾಗ ಬಿಗಿಯಾಗಿ ಎಳೆಯುತ್ತೀರಿ, ಅಲ್ಲಿಗೆ ಗೀರು ಖಚಿತ. ಮ್ಯಾಟ್ ಫಿನಿಷ್ ಗಾಡಿಯವರು ಇದನ್ನು ಓದುತ್ತಿದ್ದರೆ ಎರಡು ಸಲ ಯೋಚಿಸಿ, ಮ್ಯಾಟ್ ಪೇಂಟನ್ನು ಪಾಲಿಷ್ ಮಾಡಿ ಸರಿ ಮಾಡುವ ದಾರಿಯೇ ಇಲ್ಲ.

ಕೇಳಿದವರು

ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಅಕ್ರಿಲಿಕ್ ಹೊಲಿಸುತ್ತೇನೆ. ಇನ್ನು ಮೂರು ಸಂದೇಹ: ಓಡಿಸಿ ಬಂದ ಎಷ್ಟು ಹೊತ್ತಿಗೆ ಹಾಕಬಹುದು? ಗಾಡಿ ಇಷ್ಟು ತಗ್ಗು, ಹೊಟ್ಟೆ ಕೆಳಗಿನ ಬೆಲ್ಟನ್ನು ಒಬ್ಬರೇ ಹಾಕುವುದು ಹೇಗೆ? ಹೊಸ ಪೇಂಟಿಗೆ ತೊಂದರೆಯಾ?

ಡಿಟೇಲಿಂಗ್ ಕೆಲಸದವರು

ಎಕ್ಸಾಸ್ಟ್ ತುದಿ ಮತ್ತು ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಬಿಸಿ ಬಡಿಯುತ್ತಿದ್ದರೆ ಇನ್ನೂ ಹೊತ್ತು ಬೇಕು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಜೋರಾಗಿ ಓಡಿಸಿ ಬಂದ ಬ್ರೇಕ್ ಡಿಸ್ಕ್ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಅಕ್ರಿಲಿಕ್ ಆದರೂ ಆತುರ ಬೇಡ. ಎಂಜಿನ್ ಹಿಂದೆ ಇರುವ ಗಾಡಿಯಲ್ಲಿ ಎಂಜಿನ್ ಆಫ್ ಮಾಡಿದ ಮೇಲೂ ಡೆಕ್ ಮುಚ್ಚಳದ (ಎಂಜಿನ್ ಮೇಲಿನ ಮುಚ್ಚಳದ) ಜಾಲರಿಯಿಂದ ಬಿಸಿ ಏಳುತ್ತಿರುತ್ತದೆ, ಕೂಲಿಂಗ್ ಫ್ಯಾನ್ ಓಡುತ್ತಿದ್ದರೆ ಅದು ನಿಲ್ಲುವವರೆಗೂ ಮುಚ್ಚಬೇಡಿ. ತೊಳೆದ ಗಾಡಿಯಾದರೆ ಸಣ್ಣದೊಂದು ಸುತ್ತು ಓಡಿಸಿ ಬ್ರೇಕ್ ಒಣಗಿಸಿ ಆಮೇಲೆ ಮುಚ್ಚಿ.

ಫ್ಯಾಕ್ಟರಿ ಪೇಂಟ್ ಬೇಕ್ ಆಗಿಯೇ ಬರುತ್ತದೆ, ಭಯವಿಲ್ಲ. ವರ್ಕ್‌ಶಾಪಿನಲ್ಲಿ ಪ್ಯಾನೆಲ್ ರೀಪೇಂಟ್ ಆಗಿದ್ದರೆ ಕನಿಷ್ಠ 30 ದಿನ ಕವರ್ ಹಾಕಬೇಡಿ, ಪೇಂಟ್ ಮಾಡಿದವರು ಇನ್ನೂ ಹೆಚ್ಚು ಹೇಳಿದರೆ ಅವರ ಮಾತು ಕೇಳಿ. ಒಳಗಿನ ಸಾಲ್ವೆಂಟ್ ಪೂರ್ತಿ ಹೊರಗೆ ಹೋಗುವ ಮೊದಲು ಮುಚ್ಚಿದರೆ ಬಟ್ಟೆಯ ನೇಯ್ಗೆಯ ಗುರುತು ಪೇಂಟಿನಲ್ಲಿ ಅಚ್ಚಾಗಬಹುದು. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಒಂದು ವಾರ ಬಿಡಿ.

ಕವರ್ ಹೊಲಿಯುವವರು

ಬೆಲ್ಟಿಗೆ ಒಂದು ಉಪಾಯ. ಅರ್ಧ ನೀರು ತುಂಬಿದ ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ ಬೆಲ್ಟಿನ ತುದಿ ಕಟ್ಟಿ, ಮುಂದಿನ ಮತ್ತು ಹಿಂದಿನ ಚಕ್ರದ ನಡುವಿಂದ ನೆಲದ ಮೇಲೆ ಉರುಳಿಸಿ. ಆಚೆ ಪಕ್ಕ ಹೋಗಿ ಎತ್ತಿಕೊಳ್ಳಿ. ಬೆಲ್ಟ್ ಬಿಗಿಯುವುದು ಬಟ್ಟೆ ಅಲುಗಾಡದಷ್ಟು ಮಾತ್ರ. ಹೆಚ್ಚು ಎಳೆದರೆ ವಿಂಗಿನ ಪಾಕೆಟ್ ಮೇಲೆ ಭಾರ ಬೀಳುತ್ತದೆ.

ಹಾಕುವ ಕ್ರಮ: ಒಳಗಡೆ ಮುಂಭಾಗಕ್ಕೆ ಬಣ್ಣದ ನೂಲಿನಲ್ಲಿ ಗುರುತು ಹೊಲಿಸಿಕೊಂಡಿರಿ. ನಿಮ್ಮ ಗಾಡಿಗೆ ಹಿಂದಿನಿಂದಲೇ ಶುರು ಮಾಡಬೇಕು, ಮೊದಲು ವಿಂಗ್ ಪಾಕೆಟ್ ಕೂರಿಸಿ, ಹಿಂದಿನ ಬಂಪರ್ ಕೆಳಗೆ ಎಲಾಸ್ಟಿಕ್ ಸಿಕ್ಕಿಸಿ, ಆಮೇಲೆ ರೂಫ್ ಮೇಲಿನಿಂದ ಸುರುಳಿ ಬಿಚ್ಚುತ್ತಾ ಮುಂದೆ ಬನ್ನಿ. ಸ್ಪ್ಲಿಟರ್ ಕೆಳಗೆ ಕೈಯಿಂದ ಸಿಕ್ಕಿಸಿ, ಎಳೆದು ಬಿಡಬೇಡಿ, ಎಲಾಸ್ಟಿಕ್ ಪುಟಿದು ಅಂಚಿಗೆ ಬಡಿಯುತ್ತದೆ. ತೆಗೆಯುವಾಗ ಎರಡೂ ಪಕ್ಕ ಎತ್ತಿ ರೂಫಿನ ಮೇಲೆ ಮಡಚಿ ಮುಂದಿನಿಂದ ಹಿಂದಕ್ಕೆ ಸುತ್ತುತ್ತಾ ಹೋಗಿ. ಹೀಗೆ ಮಡಚಿದರೆ ಧೂಳು ಕೂತ ಹೊರಮೈ ಪೇಂಟಿಗೆ ತಾಗುವುದಿಲ್ಲ, ಒಳಮೈ ನೆಲಕ್ಕೂ ತಾಗುವುದಿಲ್ಲ. ಒದ್ದೆ ಕವರ್ ಸುತ್ತಿ ಡಿಕ್ಕಿಯಲ್ಲಿ ಇಡಬೇಡಿ, ಬೂಷ್ಟು ಬರುತ್ತದೆ.

ಇನ್ನೊಬ್ಬರು

ಯಾರೂ ಹೇಳದ ಕೆಲವು ವಿಷಯ. ಗಾಡಿ ಮೇಲೆ ಈಗಾಗಲೇ ಧೂಳಿದ್ದರೆ ಅಂದು ಕವರ್ ಹಾಕಬೇಡಿ, ಮೊದಲು ತೊಳೆಯಿರಿ. ತೊಳೆಯಲು ಆಗದಿದ್ದರೆ ಹಾಗೇ ಬಿಟ್ಟರೂ ಪೇಂಟಿಗೆ ಅಷ್ಟು ಹಾನಿಯಿಲ್ಲ.

ಇನ್ನೊಂದು ಬ್ಯಾಟರಿ. ಮೂರು-ನಾಲ್ಕು ವಾರ ಗಾಡಿ ತೆಗೆಯದೆ ನಿಲ್ಲಿಸುವುದಿದ್ದರೆ ಬ್ಯಾಟರಿ ಮೇಂಟೇನರ್ (ನಿಂತ ಗಾಡಿಯ ಬ್ಯಾಟರಿ ಇಳಿಯದಂತೆ ಚಾರ್ಜ್ ಮಾಡುವ ಸಾಧನ) ವೈರಿಗೆ ಕವರಿನ ಕೆಳಅಂಚಿನಲ್ಲಿ ಐಲೆಟ್ (ಲೋಹದ ಬಳೆ ಕೂರಿಸಿದ ತೂತು) ಹಾಕಿಸಿ, ಇಲ್ಲದಿದ್ದರೆ ಎಲಾಸ್ಟಿಕ್ ಅಡಿಯಲ್ಲಿ ವೈರ್ ಸಿಕ್ಕಿ ಪೇಂಟಿಗೆ ಒತ್ತಿಕೊಂಡಿರುತ್ತದೆ. ಕೀಲೆಸ್ ಗಾಡಿಯಾದರೆ ಕವರ್ ಹಾಕುವಾಗ ಕೀ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಹತ್ತಿರ ಹೋದಾಗಲೆಲ್ಲ ಗಾಡಿ ಎಚ್ಚರಗೊಂಡು ಮಿರರ್ ತೆರೆಯುತ್ತದೆ, ಬಿಗಿದ ಬಟ್ಟೆಯೊಳಗೆ ಅದರ ಮೋಟರ್ ಒದ್ದಾಡುತ್ತದೆ.

ಒಗೆಯುವುದು ಧೂಳು ಎಷ್ಟಿದೆ ಅನ್ನುವುದರ ಮೇಲೆ. ಅಕ್ರಿಲಿಕ್ಕನ್ನು ನೆಲಕ್ಕೆ ಶುಭ್ರ ಟಾರ್ಪಾಲ್ ಹಾಸಿ, ಹರಡಿ, ಮೆತ್ತನೆ ಬ್ರಶ್ಶಿನಲ್ಲಿ ತಣ್ಣೀರು ಮತ್ತು ಸೌಮ್ಯ ಲಿಕ್ವಿಡ್ ಸೋಪಿನಿಂದ ಉಜ್ಜಿ. ನೊರೆ ಪೂರ್ತಿ ಹೋಗುವವರೆಗೆ ಜಾಲಾಡಿಸಿ, ಸೋಪು ಉಳಿದರೆ ನೀರು ಜಾರುವ ಗುಣ ಹಾಳು. ಫ್ಯಾಬ್ರಿಕ್ ಸಾಫ್ಟನರ್ ಬೇಡ, ಅದೂ ಅದನ್ನೇ ಕೆಡಿಸುತ್ತದೆ. ನೆರಳಿನಲ್ಲಿ ಒಣಗಿಸಿ. ಮುಂದೆ ಯಾವಾಗಲಾದರೂ ನೀರು ಮುತ್ತಾಗಿ ನಿಲ್ಲದೆ ಬಟ್ಟೆಯಲ್ಲಿ ಹರಡಿ ಕಪ್ಪಾಗುತ್ತಿದೆ ಅಂತ ಕಂಡರೆ, ಒಗೆದು ಒಣಗಿದ ಬಟ್ಟೆಗೆ ವಾಟರ್ ರಿಪೆಲೆಂಟ್ ಸ್ಪ್ರೇಯನ್ನು ಹೊರಮೈಗೆ ಮಾತ್ರ ಹೊಡೆಯಿರಿ, ಕಾರಿನ ಮೇಲೆ ಹಾಕಿಟ್ಟುಕೊಂಡು ಹೊಡೆಯಬೇಡಿ.